ಅಬ್ಬಿ ಪೆಟ್ಟಿಗೆಗೆ ಹೇಳಿದ್ದು

ಅಬ್ಬಿ,

ಈಗಷ್ಟೇ ನಿನ್ನನ್ನು ನೋಡಿ ಬಂದೆ. ಇಲ್ಲಿ ಮಂಗಳೂರಿನ ಕಾಲೇಜಿನ ಸಭಾಂಗಣದಲ್ಲಿ ಬಿಳಿ ಬಟ್ಟೆ ಕಟ್ಟಿ, ಮೀನುಗಾರರ ಬಡತನದ ಬಗ್ಗೆ ಯುದ್ಧದ ಕಾಲದಲ್ಲಿ ತೆಗೆದ ಡಾಕ್ಯುಮೆಂಟರಿ ತೋರಿಸಿದರು. ನಮ್ಮ ಬೈಂದೂರಿನ ಕಡಲತಡಿ, ಎಳೆಯುತ್ತಿದ್ದ ಬಲೆ, ಆಮೇಲೆ ಬುಟ್ಟಿ ಹೊತ್ತ ನೀನು. ನೀನು ತೀರಿಕೊಂಡು ಎರಡು ಮಳೆಗಾಲ ಕಳೆದರೂ ಬುಟ್ಟಿಯ ನೀರು ಇನ್ನೂ ನಿನ್ನ ಹೆಗಲಿಗೆ ತೊಟ್ಟಿಕ್ಕುತ್ತಿತ್ತು.

ನೀನು ನಿಂತು, ಕ್ಯಾಮೆರಾ ಪೆಟ್ಟಿಗೆ ನೋಡಿ ಏನೋ ಹೇಳತೊಡಗಿದೆ. ಕೇಳಿಸಿದ್ದು ಮಾತ್ರ ಯಾರದೋ ಇಂಗ್ಲಿಷ್ ದನಿ. ಅದರ ಒಂದೊಂದು ಶಬ್ದವೂ ನನಗೆ ಅರ್ಥವಾಯಿತು.

ಪಕ್ಕದಲ್ಲಿದ್ದ ಬ್ರಹ್ಮಾವರದ ಪಾಂಡು ನಕ್ಕ. "ಆ ಹೆಂಗ್ಸ್ ಯಾರ್ ಹತ್ರ ಮಾತಾಡ್ತಿತ್ ಮಾರಾಯಾ, ಪೆಟ್ಗಿ ಹತ್ರವಾ?"

"ನನ್ ಹತ್ರ," ಅಂದೆ.

ನಿನ್ನ ಉತ್ತರಕ್ರಿಯೆಯ ದಿನ ಸುಗಂಧಿ ಚಿಕ್ಕಿ ಹೇಳಿದ್ದಳು. ಚಿತ್ರ ಮಂಗಳೂರಿಗೂ ಹೋಗುತ್ತದೆಂದು ಕ್ಯಾಮೆರಾದವರು ಹೇಳಿದಾಗ ನೀನು, "ಹಾಂಗಾರೆ ಅಲ್ಲಿ ನನ್ ಮಗ ಇದ್ದ, ಅವ್ನಿಗೊಂದ್ ಮಾತ್ ಹೇಳ್ತೆ" ಅಂದೆಯಂತೆ. ಆ ಪೆಟ್ಟಿಗೆಗೆ ಕಣ್ಣು ಮಾತ್ರ ಇದೆ, ಕಿವಿ ಇಲ್ಲವೆಂದು ಯಾರೂ ನಿನಗೆ ಹೇಳಲಿಲ್ಲ. ನೀನು ಅದಕ್ಕೆ ಹೇಳಿದ ಮಾತು ಕಡಲಗಾಳಿಗೆ ಚಿಕ್ಕಿಗೂ ಕೇಳಿಸಲಿಲ್ಲವಂತೆ.

ಬೇಡಿಕೊಂಡು ಚಿತ್ರವನ್ನು ಮತ್ತೊಮ್ಮೆ ಹಾಕಿಸಿದೆ. ನಿನ್ನ ತುಟಿಯನ್ನೇ ನೋಡಿದೆ. ಚಿಕ್ಕಂದಿನಲ್ಲೇ ಹಾಸ್ಟೆಲಿಗೆ ಬಂದವನಿಗೆ "ಮಗಾ" ಎಂಬುದೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ.

ಕೊನೆಗೆ ನೀನು ಮಾತು ನಿಲ್ಲಿಸಿ, ಉತ್ತರಕ್ಕೆ ಕಾಯುವಂತೆ ನನ್ನನ್ನೇ ನೋಡುತ್ತ ನಿಂತೆ. ಆ ಇಂಗ್ಲಿಷ್ ದನಿಯೂ ಆಗ ಸುಮ್ಮನಿತ್ತು.

"ಹ್ಞೂಂ, ಅಬ್ಬಿ," ಅಂದೆ.

ಆಮೇಲೆ ನೀನು ಬುಟ್ಟಿ ಸರಿಮಾಡಿಕೊಂಡು ಹೊರಟೆ.