ಮಗ್ಗದ ಗುಂಡಿಯನ್ನೂ ನೋಡಲಿ

ಕೊಳ್ಳೇಗಾಲ
9-2-2025

ಮುದ್ದು ಅಂಜನಾ,

ನಾವಿಬ್ಬರೂ ಚೆನ್ನಾಗಿದ್ದೇವೆ. ಮಾತು ನನ್ನದು, ಅಕ್ಷರ ಅಪ್ಪನದು. ನನ್ನ ಕನ್ನಡಕ ಒಡೆದಿದೆ. ಫೋನಿನಲ್ಲಿ ಹೇಳಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಮೈಸೂರಿಗೆ ಹೊರಟಿರುವ ಎದುರುಮನೆ ದೀಪಾಳ ಕೈಯಲ್ಲಿ ಚಟ್ನಿಪುಡಿಯ ಜೊತೆ ಈ ಕಾಗದ.

ವಿಷಯ ನಿನ್ನ ರೇಡಾರ್ ಪೆಟ್ಟಿಗೆಯದು. ಅಪ್ಪನಿಗೆ ತಲೆಸುತ್ತು ಬರುತ್ತದೆಂದು ನೀನು ಸಂಶೋಧನೆಗೆ ಮಾಡಿದ್ದನ್ನೇ ತಂದು ಮಗ್ಗದ ಕೋಣೆಯ ಗೋಡೆಗೆ ಜಡಿದೆ. ಕ್ಯಾಮೆರಾ ಇಲ್ಲ, ರೇಡಿಯೋ ಅಲೆ ಬಿಟ್ಟೇ ಮನುಷ್ಯ ನಿಂತಿದ್ದಾನೋ ಬಿದ್ದಿದ್ದಾನೋ ತಿಳಿಯುತ್ತದೆ ಎಂದೆ. ಆದರೆ ನಮ್ಮದು ಗುಂಡಿಮಗ್ಗ. ಕಾಲು ಗುಂಡಿಗೆ ಇಳಿಬಿಟ್ಟು ನೆಲದ ಮಟ್ಟದಲ್ಲೇ ಕೂರುತ್ತೇವೆ. ಅಪ್ಪ ಇಳಿದಾಗಲೆಲ್ಲ ಅದು ಬಿದ್ದರು ಎಂದೇ ನಿನಗೆ ಸುದ್ದಿ ಕಳಿಸಿತು. ಮಗ್ಗದ ಮನೆಯಲ್ಲೇ ಹುಟ್ಟಿದ ನಿನಗೂ ಇದು ಹೊಳೆಯಲಿಲ್ಲವಲ್ಲ ತಾಯಿ.

ನೀನು ಗಾಬರಿಯಿಂದ ಫೋನ್ ಮಾಡಿದ್ದಕ್ಕೆ ಪಕ್ಕದ ಮನೆ ರಾಜಣ್ಣ ಬರಿಗಾಲಲ್ಲಿ ಓಡಿಬಂದಿದ್ದ. "ವೆಂಕಟಸ್ವಾಮಣ್ಣ, ನೀವು ಬಿದ್ದೋಗಿದ್ದೀರಂತೆ, ಅಂಜನಾ ಅಳ್ತಾವ್ಳೆ" ಎಂದ. ಅಪ್ಪ ಲಾಳಿ ಬಿಡದೆ, "ಬೀಳಕ್ಕೆ ಪುರಸೊತ್ತೆಲ್ಲದೆ ಕಣ್ಲಾ, ಸೆರಗು ಮುಗೀಬೇಕು" ಎಂದರು. ಬೀದಿಯೆಲ್ಲ ನಕ್ಕಿತು.

ಸಂಕ್ರಾಂತಿಗೆ ಬಂದಾಗ ನೀನು, ಗುಂಡಿಯ ಜಾಗವನ್ನು ನೋಡಬೇಡ ಎಂದು ಪೆಟ್ಟಿಗೆಗೆ ಹೇಳಿಟ್ಟು ಹೋದೆ. ಅಂದಿನಿಂದ ಅದು ತೆಪ್ಪಗಿದೆ. ಆ ಜಾಗವನ್ನು ಅಲ್ಲಿಂದಲೇ ಮತ್ತೆ ಸೇರಿಸು. ಅಪ್ಪ ಈಗಲೂ ದಿನಾ ಇಳಿಯುತ್ತಾರೆ. ಸುಳ್ಳು ಸುದ್ದಿ ಬಂದರೆ ಬರಲಿ, ರಾಜಣ್ಣ ಓಡಿಬರಲಿ. ಯಾರೂ ಬಿದ್ದಿಲ್ಲ, ಮುಂಜಾಗ್ರತೆಗೆ ಹೇಳಿದೆ ಅಷ್ಟೆ. ಮಹಾಪ್ರಬಂಧ ಒಪ್ಪಿಸುವ ಮೊದಲು ನೀನು ಬಸ್ಸು ಹತ್ತಬೇಡ, ನನ್ನಾಣೆ.

ಇತಿ,
ನಿನ್ನ ಅಮ್ಮ
ಚೌಡೇಶ್ವರಿ

ತಾ.ಕ.: ಇದು ಅಪ್ಪ, ನನ್ನದೇ ಮಾತು. ನಿಮ್ಮಮ್ಮ ಒಳಗೆ ಎಡಗೈಯಲ್ಲಿ ಕಾಫಿ ಕಾಯಿಸುತ್ತಿದ್ದಾಳೆ. ಬಲಗೈಗೆ ಪ್ಲಾಸ್ಟರ್ ಹಾಕಿಸಿದ್ದೇವೆ. ನಾನು ದಿನಾ ಇಳಿಯುತ್ತೇನೆಂದು ಬರೆಸಿದ್ದು ಸುಳ್ಳು. ನನಗೆ ತಲೆಸುತ್ತು ಹೆಚ್ಚಾದ ಮೇಲೆ ನೇಯುತ್ತಿರುವವಳು ಅವಳೇ. ಶುಕ್ರವಾರ ನಾನು ಜರಿ ತರಲು ಹೋದಾಗ ಗುಂಡಿಯೊಳಗೆ ಬಿದ್ದಳು, ಏಳಲಾಗಲಿಲ್ಲ. ರಾಜಣ್ಣನ ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಿಲ್ಲ. ಪೆಟ್ಟಿಗೆಗೆ ಕಿವಿಯಿಲ್ಲವೆಂದು ನೀನು ಹೇಳಿದ್ದೆ. ಆದರೂ ನಾನು ಬಂದಾಗ ಅವಳು ಅದರ ಕಡೆಗೇ ನೋಡುತ್ತಾ ನಿನ್ನ ಹೆಸರು ಕೂಗುತ್ತಿದ್ದಳು.