ಕ್ಯಾಮರಾದ ಪ್ರಾಯಶ್ಚಿತ್ತ

ಮಸಗುಪ್ಪಿ, ಮಾಘ ಶುದ್ಧ ಪಂಚಮಿ, ರಾತ್ರಿ.

ಬಸದಿಯಲ್ಲಿ ನಾನು ಮಾಡಿದ ಅಭಿಷೇಕದ ವಿಡಿಯೋದಲ್ಲಿ ಸ್ವಾಮಿಯ ಮುಖದ ಮೇಲೆ ಕರಿಯ ಪಟ್ಟಿಗಳು ಹರಿದಾಡುವುದನ್ನು ಬೆಳಿಗ್ಗೆ ಕಂಡು, ನನ್ನಿಂದಲೇ ಅಶುದ್ಧಿಯಾಯಿತೆಂದು ಬಗೆದು, ನಾಳೆಗೆ ಉಪವಾಸವನ್ನು ಸಂಕಲ್ಪಿಸಿದೆನು. ಮಧ್ಯಾಹ್ನ ಮೊಮ್ಮಗಳು ತೃಪ್ತಿ, ಆ ವಿಡಿಯೋ ತೆಗೆದಿದ್ದ ತನ್ನ ಹೊಸ ಕ್ಯಾಮರಾವನ್ನು ಪರೀಕ್ಷಿಸಿ ನಕ್ಕಳು.

“ಅಜ್ಜಾ, ಇದು ಅಮೆರಿಕಾದ ಪದ್ಧತಿಗಿ ಸೆಟ್ ಆಗೈತಿ ನೋಡು, ಸೆಕೆಂಡಿಗಿ ಮೂವತ್ತು ಚಿತ್ರ. ನಮ್ಮ ಕಡೆ ಕರೆಂಟಿಗಿ ಇಪ್ಪತ್ತೈದು ಬೇಕು. ಅದಕ್ಕ ಟ್ಯೂಬಲೈಟಿನ್ಯಾಗ ಪಟ್ಟಿ ಬಿದ್ದಾವು.”

ಅವಳು ಅದನ್ನು ಇಪ್ಪತ್ತೈದಕ್ಕೆ ಬದಲಿಸಿ ಸಂಜೆಯ ಆರತಿಯನ್ನು ತೆಗೆದಾಗ ಸ್ವಾಮಿಯ ಮುಖವು ನಿರ್ಮಲವಾಗಿ ಬೆಳಗಿತು. ನನ್ನ ಎದೆಯೂ ಹಗುರಾಯಿತು.

ಮಡದಿ ಜಿನ್ನವ್ವ ಕೆಣಕಿದಳು: “ನಾ ನಾಳೆ ಹೋಳಿಗಿ ಮಾಡಾಕಿದ್ನಿ. ತಪ್ಪು ಕ್ಯಾಮರಾದ್ದು, ಉಪಾಸ ನಿಮಗೇನ್ರಿ?”

ಕೈಗೊಂಡ ವ್ರತವನ್ನು ಬಿಡಲಾಗದು. ಯಂತ್ರಕ್ಕೆ ಉಪವಾಸ ಬಾರದಾದ್ದರಿಂದ ಅದರ ಪರವಾಗಿ ನಾನೇ ಸಂತೋಷದಿಂದ ಆಚರಿಸುವೆನು. ಹೋಳಿಗೆಯನ್ನು ನಾಡಿದ್ದು ಮಾಡೆಂದರೆ, “ನೋಡೂಣ್ರಿ” ಎನ್ನುತ್ತಾಳೆ. ಚಿಂತೆ ಈಗ ಅದೊಂದೇ...