ತುಟಿ ಕಾಣದ ಮಾತು

ಜನವರಿ 6, ಸೋಮವಾರ

ಬೆಳಗಿನ ಪಾಳಿ ಮುಗಿಸಿ ನೇರ ಇಂಗ್ಲಿಷ್ ಮೇಷ್ಟ್ರ ಮನೆಗೆ. ಅಂಗಿಯ ಮೇಲಿನ ಹತ್ತಿ ಕೊಡವಿಕೊಳ್ಳಲೂ ಪುರುಸೊತ್ತಿಲ್ಲ. ಇವತ್ತಿನ ಆಡಿಯೋ — ಹೆಂಗಸೊಬ್ಬಳು ಫೋನಿನಲ್ಲಿ ಬಾಡಿಗೆ ಮನೆ ವಿಚಾರಿಸುತ್ತಾಳೆ. ಬೀದಿಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಒಂದು ಅಕ್ಷರ ತಪ್ಪಿತು. ಅದನ್ನೇ ಹುಡುಕುತ್ತಾ ಕೂತೆ. ಅಷ್ಟರಲ್ಲಿ ಅವಳು ಮನೆ ನೋಡಿ, ಒಪ್ಪಿ, ಸಾಮಾನು ಸಾಗಿಸಿಯೂ ಆಗಿತ್ತು.

“ಹೋದ ಬಸ್ಸಿಗೆ ಕೈ ತೋರಿಸ್ತಾ ನಿಂತ್ರೆ ಬರೋ ಬಸ್ಸೂ ಹೋಗತ್ತೆ ಕಣ್ರೀ” ಎಂದರು ಮೇಷ್ಟ್ರು.

ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಮಾತು — ಮೂರೂ ಹೋದ ಸಲವೇ ದಾಟಿದೆ. ಕೇಳುವ ಭಾಗ ಮಾತ್ರ ಒಂಬತ್ತರಲ್ಲಿ ನಾಲ್ಕೂವರೆ ಅಂಕಕ್ಕೆ ನಿಂತಿತು. ಬೇಕಾದದ್ದು ಐದೂವರೆ. ಅದೊಂದನ್ನೇ ಮತ್ತೆ ಬರೆಯಲು ಮಾರ್ಚ್‌ನಲ್ಲಿ ಒಂದು ಅವಕಾಶ. ದಾಟಿದರೆ ಹೊಸ ಮಗ್ಗಗಳ ವಿದೇಶಿ ಕಂಪನಿ ನನ್ನನ್ನು ಫಿಟ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ... ನಮ್ಮ ಶೆಡ್ಡು ಬೇಸಿಗೆಗೆ ಮುಚ್ಚುತ್ತದೆ. ಹಳೇ ಲಾಳಿ ಮಗ್ಗಗಳ ಜೊತೆ ನಾನೂ ಗುಜರಿಗೆ.

ಈ ಕೆಲಸಕ್ಕೆ ಹೋಗಿ, ಹೋಗಿ ಎಂದು ಹಿಂದೆ ಬಿದ್ದವಳು ನನ್ನ ಹೆಂಡತಿ. ಅವಳು ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ.

ಜನವರಿ 9

ಮೇಷ್ಟ್ರು ಕೇಳಿಯೇ ಬಿಟ್ಟರು. “ನನ್ನ ಮೀಸೆ ಮೇಲೆ ಏನಾದ್ರೂ ಕೂತಿದೆಯೇನ್ರೀ? ನಾನು ಬಾಯಿ ಬಿಟ್ಟಾಗೆಲ್ಲ ಅಲ್ಲೇ ನೋಡ್ತೀರಲ್ಲ?”

ನಾಚಿಕೆಯಾಯಿತು. ಹೇಳಿದೆ. ಶೆಡ್ಡಿನ ಗದ್ದಲದಲ್ಲಿ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಅಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುವುದು. ಹೊಸದಾಗಿ ಸೇರಿದವನಿಗೆ ದಪ್ಪ ಮೀಸೆ ಇದ್ದರೆ ‘ಮೂಗಪ್ಪ’ ಎಂದು ಹೆಸರಿಡುತ್ತಾರೆ. ಒಂದು ವಾರದಲ್ಲಿ ತಾನಾಗಿ ಕತ್ತರಿಸಿಕೊಂಡು ಬರುತ್ತಾನೆ. ಮೀಸೆ ಮೂಡುವ ವಯಸ್ಸಿನಿಂದ ಕಣ್ಣಿನಲ್ಲೇ ಕೇಳಿ ಅಭ್ಯಾಸ ನನಗೆ. ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಮನುಷ್ಯ ಕೂತಿದ್ದ, ದಾಟಿದೆ. ಆಡಿಯೋಗೆ ಮುಖ ಎಲ್ಲಿಂದ ತರಲಿ?

ಮೇಷ್ಟ್ರು ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದರು. ಕನ್ನಡದಲ್ಲೇ. ಅರ್ಧ ತಿಳಿಯಲಿಲ್ಲ.

“ಮೊದಲು ಕಿವಿ ಡಾಕ್ಟರಿಗೆ ತೋರಿಸಿ.”

ಜನವರಿ 13

ಕಿವಿ ಚೆನ್ನಾಗಿದೆಯಂತೆ. “ಇಷ್ಟು ವರ್ಷ ಮಗ್ಗದ ಮಧ್ಯೆ ಇದ್ದು ಇಷ್ಟು ಉಳಿಸ್ಕೊಂಡಿದ್ದೀರಲ್ಲ, ಪುಣ್ಯವಂತರು” ಎಂದರು ಡಾಕ್ಟರು. ಪುಣ್ಯ ನನ್ನದಲ್ಲ. ದಿನಾ ಶೆಡ್ಡಿನ ಗೇಟಿನ ಹತ್ತಿರ ನಿಲ್ಲಿಸಿ ಅವಳೇ ನನ್ನ ಕಿವಿಗೆ ಹತ್ತಿ ತುರುಕುತ್ತಿದ್ದಳು, ಚಿಕ್ಕ ಮಗುವಿಗೆ ಟೋಪಿ ಹಾಕಿದ ಹಾಗೆ.

ಒಳಗೆ ಅವಳು ಆ ಕೊನೆಯ ಸಾಲಿನಲ್ಲಿ ನೇಯುತ್ತಾ. ನಾನು ಈ ಕೊನೆಯಲ್ಲಿ ಮಗ್ಗ ಬಿಚ್ಚಿಕೊಂಡು. ಅಷ್ಟು ದೂರದಿಂದ ತುಟಿಯಲ್ಲೇ ಬೈಯುತ್ತಿದ್ದಳು. ಮದುವೆಯ ಮಾತೂ ಹಾಗೇ ಆದದ್ದು. ಸದ್ದಿಲ್ಲದೆ. ಮನೆಗೆ ಬಂದ ಮೇಲೂ ಅದೇ ಅಭ್ಯಾಸ — ಬಾಗಿಲಲ್ಲಿ ನಿಂತು ತುಟಿ ಆಡಿಸಿದರೆ ಸಾಕು.

ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಅವಳ ತುಟಿ ಕಣ್ಣ ಮುಂದಿದೆ. ಮುಂದಿನ ಹಲ್ಲುಗಳ ಸಂದು ಕೂಡ. ದನಿ... ಎಷ್ಟು ತಡಕಿದರೂ ಸಿಗಲಿಲ್ಲ.

ಜನವರಿ 19, ಭಾನುವಾರ

ಮೇಷ್ಟ್ರ ಹೊಸ ಅಪ್ಪಣೆ. ಮನೆಯವರು ಯಾರಾದರೂ ಬಾಗಿಲ ಹಿಂದೆ ನಿಂತು ಓದಬೇಕು. ನಾನು ಬೆನ್ನು ತಿರುಗಿಸಿ ಕೂತು ಕೇಳಬೇಕು. ಒಂದೇ ಸಲ.

ಗಿಣಿ ಬಂದಿದ್ದಳು. ನಾದಿನಿ, ಅವಳ ತಂಗಿ. ಪಕ್ಕದ ಬೀದಿಯಲ್ಲೇ ಮನೆ. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂರುತ್ತಾಳೆ. ಮಾತು ಶುರುವಾದರೆ ಬ್ರೇಕಿಲ್ಲದ ಗಾಡಿ. ಅದಕ್ಕೇ ಆ ಹೆಸರು.

ಅತ್ತೆ ಕನ್ನಡಕ ಹುಡುಕುತ್ತಾ ಎದ್ದರು. ಮಗಳು ಹೋದ ಮೇಲೂ ನನ್ನ ಜೊತೆಯೇ ಇದ್ದಾರೆ. “ನಾನೇ ಓದ್ತೀನಿ ಕೊಡೇ.”

“ಅಮ್ಮಾ, ಅದು ಇಂಗ್ಲಿಷು!”

“ಆಗ್ಲಿ ಬಿಡು. ಅವರಿಗೂ ಅರ್ಥ ಆಗಲ್ಲ, ನನಗೂ ಆಗಲ್ಲ. ಸರಿಹೋಯ್ತಲ್ಲ.”

ಕೊನೆಗೆ ಗಿಣಿ ಅಡುಗೆಮನೆ ಬಾಗಿಲ ಹಿಂದೆ ನಿಂತಳು. ಗ್ರಂಥಾಲಯದ ಕಾರ್ಡು ಮಾಡಿಸುವ ಬಗ್ಗೆ ಪಾಠ. ಗಿಣಿಗೆ ಇಂಗ್ಲಿಷ್ ಸಲೀಸಲ್ಲ. ತಡೆದು ತಡೆದು, ನಿಧಾನವಾಗಿ ಓದಿದಳು. ಅವಳು ನಿಧಾನವಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಬಾಗಿಲ ಹಿಂದೆ ಅವಳಿದ್ದಳು. ಗಿಣಿಯಲ್ಲ. ಅವಳು.

ಎದ್ದು ಹೊರಟುಬಿಟ್ಟೆ. ಬೀದಿಯ ತುದಿಗೆ ಬಂದ ಮೇಲೆ ಕಾಲಲ್ಲಿ ಚಪ್ಪಲಿ ಇಲ್ಲದ್ದು ಗೊತ್ತಾಯಿತು.

ಫೆಬ್ರವರಿ 11

ಮೇಷ್ಟ್ರ ಮನೆಗೆ ಹೋಗಿಲ್ಲ. ಗಿಣಿಯೂ ಈ ಕಡೆ ಬಂದಿಲ್ಲ. ಇಲ್ಲಿಯೂ ಏನೂ ಬರೆದಿಲ್ಲ.

ಶೆಡ್ಡಿನಲ್ಲಿ ಅರ್ಧ ಮಗ್ಗಗಳನ್ನು ಬಿಚ್ಚಿ ಸಾಗಿಸಿದರು. ಆ ಕಡೆ ಈಗ ಮಾತು ಕೇಳಿಸುತ್ತದೆ. ಎಲ್ಲರಿಗೂ ಮುಜುಗರ. ಇಷ್ಟು ವರ್ಷ ಪಕ್ಕದಲ್ಲಿದ್ದ ಜಾಬರ್ ಮೇಸ್ತ್ರಿಯ ದನಿ ಕೀಚಲು ಎಂದು ಇವತ್ತು ತಿಳಿಯಿತು. ಆಳು ನೋಡಿದರೆ ಕಂಬದ ಹಾಗೆ. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಹಳೇ ಅಭ್ಯಾಸದಂತೆ ಸದ್ದಿಲ್ಲದೆ ತುಟಿ ಆಡಿಸಿಯೇ ಮಾತು ಮುಂದುವರಿಯಿತು.

ಮನೆಗೆ ಬಂದಾಗ ಅತ್ತೆ ಕಾದಿದ್ದರು.

“ಗಿಣಿ ಅಳ್ತಿದ್ಲು. ನಾನು ಓದಿದ್ದು ಅಷ್ಟು ಕೆಟ್ಟದಾಗಿತ್ತಾ, ಭಾವ ಎದ್ದೇ ಹೋದ್ರಲ್ಲ ಅಂತ.”

ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತರು. “ಇಷ್ಟು ವರ್ಷಕ್ಕೆ ಗೊತ್ತಾಯ್ತಾ ನಿಮಗೆ? ಇಬ್ಬರದೂ ಒಂದೇ ಗಂಟಲು. ಬೇಗ ಮಾತಾಡಿದ್ರೆ ಚಿಕ್ಕವಳು, ನಿಧಾನ ಆದ್ರೆ ದೊಡ್ಡವಳು. ಫೋನಲ್ಲಿ ನನಗೇ ತಿಳೀತಿರಲಿಲ್ಲ. ಗಿಣಿಯಿಂದ ದಿನಾ ಯಾಕೆ ಫೋನ್ ಮಾಡಿಸ್ಕೋತೀನಿ ಅಂದ್ಕೊಂಡ್ರಿ? ಅವಳ ಆಫೀಸಿನ ಪುರಾಣ ಕೇಳೋಕಾ?”

ಆಗ ಯಾವತ್ತೂ ಕೇಳದ್ದನ್ನು ಕೇಳಿದೆ. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳು ಏನೋ ಹೇಳಿದಳು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ತುಟಿ ಕಾಣಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ. ನಿಮಗೇನಾದರೂ ಕೇಳಿಸಿತ್ತಾ ಅತ್ತೆ?

“ನನಗೂ ಕೇಳಿಸ್ಲಿಲ್ಲಪ್ಪ” ಎಂದರು. “ಊಟ ಆಯ್ತಾ ಅಂದಿರ್ತಾಳೆ. ನಿಮ್ಮ ಮುಖ ನೋಡಿ ಅವಳು ಇನ್ನೇನು ಕೇಳ್ತಿದ್ಲು? ನೀವು ತಲೆಯಾಡಿಸಿದ್ದೇ ಸರಿ.”

ಇಬ್ಬರೂ ಊಟ ಮಾಡಿದೆವು. ಬಹಳ ದಿನದ ಮೇಲೆ ಎರಡನೇ ಸಲ ಬಡಿಸಿಕೊಂಡೆ.

ಫೆಬ್ರವರಿ 12

ಗಿಣಿಯ ಮನೆಗೆ ಹೋದೆ. ಬಾಗಿಲು ತೆಗೆದದ್ದು ಷಡ್ಡಕ. “ಬನ್ನಿ, ಬನ್ನಿ. ನಿಮ್ಮಿಂದಾಗಿ ನಮ್ಮನೇಲಿ ಶಾಂತಿ ನೆಲೆಸಿಬಿಟ್ಟಿದೆ. ದಯವಿಟ್ಟು ಕರ್ಕೊಂಡು ಹೋಗಿ, ನನಗೆ ನಿದ್ದೆ ಬರ್ತಿಲ್ಲ.”

ಒಳಗಿಂದ ಗಿಣಿ ಅವನಿಗೆ ಏನೋ ಅಂದಳು. ಬರೆಯುವಂಥದ್ದಲ್ಲ.

ವಿಷಯ ಗೊತ್ತಾಗಿತ್ತು ಅವಳಿಗೆ. ಅತ್ತೆ ಹೇಳದೆ ಇರುತ್ತಾರೆಯೇ! ನೆಲ ನೋಡುತ್ತಾ ಕೇಳಿದಳು. “ಬೇಗ ಬೇಗ ಓದ್ಲಾ ಭಾವ? ಆಗ ನನ್ನ ಹಾಗೇ ಇರತ್ತೆ.”

“ಬೇಡ. ನಿಧಾನಕ್ಕೇ ಓದು.”

ಫೆಬ್ರವರಿ 16, ಭಾನುವಾರ

ಬಾಗಿಲ ಹಿಂದೆ ಗಿಣಿ. ನಾನು ಗೋಡೆಗೆ ಮುಖ. ಮೊದಲ ಎರಡು ಉತ್ತರ ಎಲ್ಲಿ ಹೋದವೋ — ದನಿಯನ್ನೇ ಕೇಳುತ್ತಾ ಕೂತಿದ್ದೆ, ಮಾತನ್ನಲ್ಲ. ಮೂರನೆಯದು ಸಿಕ್ಕಿತು. ನಾಲ್ಕನೆಯದೂ.

ಅತ್ತೆ ತೀರ್ಪುಗಾರರು. ಒಂದಕ್ಷರ ತಿಳಿಯದಿದ್ದರೂ ಮಧ್ಯೆ ಮಧ್ಯೆ “ಹ್ಞೂಂ, ಸರಿಯಾಗಿದೆ” ಎನ್ನುತ್ತಿದ್ದರು.

ಫೆಬ್ರವರಿ 25

ಮೇಷ್ಟ್ರ ಕಂಪ್ಯೂಟರಿನಲ್ಲಿ ಬೇರೆ ಬೇರೆ ದನಿ. ಮುದುಕ, ಮೂಗಿನಲ್ಲಿ ಮಾತಾಡುವ ಹುಡುಗಿ, ನಗುತ್ತಾ ನಗುತ್ತಾ ದಾರಿ ಹೇಳುವವನು. ಮುಖ ಹುಡುಕುವ ಚಟ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಮೊದಲ ಸಲ ಐದೂವರೆ! ಮೇಷ್ಟ್ರು ಸಂತೋಷಕ್ಕೆ ಮೀಸೆ ತಿರುವಿದರು. ಅವರ ಮೀಸೆ ನೋಡದೆಯೇ ಅವರ ಅರ್ಧ ಮಾತು ತಿಳಿಯುತ್ತದೆ ಈಗ.

ಮನೆಯಲ್ಲೂ ಆಟ. ಅತ್ತೆ ಒಳಗಿಂದ ಏನಾದರೂ ಕೇಳುತ್ತಾರೆ, ನಾನು ಎದ್ದು ಹೋಗಿ ಮುಖ ನೋಡದೆ ಕೂತಲ್ಲೇ ಉತ್ತರ ಕೊಡಬೇಕು. “ಇಷ್ಟು ದಿನ ಬೆಪ್ಪನ ಹಾಗೆ ಬಾಗಿಲಿಗೆ ಬಂದು ನಿಲ್ತಿದ್ರಿ” ಎಂದು ನಗುತ್ತಾರೆ.

ಮಾರ್ಚ್ 8, ಮಧ್ಯಾಹ್ನ

ಪರೀಕ್ಷೆ ಮುಗಿಯಿತು.

ಹೆಡ್‌ಫೋನ್ ಹಾಕಿದಾಗ ಕಿವಿಗೆ ಹತ್ತಿ ತುರುಕಿದ ಹಾಗೇ ಆಯಿತು. ಧೈರ್ಯ ಬಂತು. ಮೂರನೇ ಭಾಗದಲ್ಲಿ ಇಬ್ಬರು ವಿದ್ಯಾರ್ಥಿಗಳ ಜಗಳ, ಒಂದು ಉತ್ತರ ಜಾರಿತು. ಕೈ ಅಲ್ಲೇ ನಿಂತಿತು. ಹುಡುಕಬೇಕು ಅನ್ನಿಸಿತು, ಬಹಳ ಅನ್ನಿಸಿತು. ಹೋದ ಬಸ್ಸು... ಆ ಜಾಗ ಖಾಲಿ ಬಿಟ್ಟೆ. ಮುಂದಿನ ಪ್ರಶ್ನೆಯ ಮೇಲೆ ಬೆರಳಿಟ್ಟೆ. ಅದು ಸಿಕ್ಕಿತು.

ಕೊನೆಯ ಭಾಗ ಪಾಠ. ಹೆಂಗಸೊಬ್ಬಳು, ಹಕ್ಕಿಗಳು ಗೂಡು ಕಟ್ಟುವ ಬಗ್ಗೆ. ಯಾರ ಹಾಗೂ ಇರಲಿಲ್ಲ ಅವಳ ದನಿ. ಆ ಹೆಂಗಸಿನ ಹಾಗೇ ಇತ್ತು. ಕೊನೆಯವರೆಗೆ ಕೇಳಿದೆ.

ಹೊರಗೆ ಬಂದರೆ ಬೀದಿ ತುಂಬ ಸದ್ದು. ಪೊರಕೆ, ಸೈಕಲ್ ಬೆಲ್ಲು, ಯಾರದೋ ಬೀಗದ ಕೈ. ನೋಡದೆಯೇ ನಡೆದೆ.

ಮಾರ್ಚ್ 21, ಬೆಳಿಗ್ಗೆ

ಫಲಿತಾಂಶ ಫೋನಿಗೆ ಬಂದಿದೆ. ತೆರೆಯಲು ಧೈರ್ಯ ಸಾಲದೆ ಗಿಣಿಗೆ ಕೊಟ್ಟೆ. ಅವಳು ಫೋನ್ ಹಿಡಿದುಕೊಂಡು ನೇರ ಬಾಗಿಲ ಹಿಂದೆ ಹೋಗಿ ನಿಂತಳು. “ತಿರುಗಿ ಕೂತ್ಕೊಳ್ಳಿ ಭಾವ. ಒಂದೇ ಸಲ ಹೇಳೋದು.” ಅತ್ತೆ, “ಆಟ ಸಾಕು, ಹೇಳೇ ಮಾರಾಯ್ತಿ” ಎಂದು ಗದರಿದರು.

ಈ ಪುಸ್ತಕ ತೊಡೆಯ ಮೇಲೆ. ಗೋಡೆಗೆ ಮುಖ. ಕೈಗೊಂದು ಕೆಲಸವಿರಲಿ ಎಂದು ಬರೆಯುತ್ತಿದ್ದೇನೆ.

ಶುರು ಮಾಡಿದಳು. ನಿಧಾನವಾಗಿ. ಲಿಸನಿಂಗ್... ಆರು.

ಆರು!

ಅತ್ತೆ ಅಳುತ್ತಿದ್ದಾರೆ, ನಗುತ್ತಲೂ ಇದ್ದಾರೆ. ಎರಡೂ ಕೇಳಿಸುತ್ತಿವೆ.

“ಕೇಳಿಸ್ತಾ ಭಾವ?”

ಕೇಳಿಸಿತು. ಚೆನ್ನಾಗಿ ಕೇಳಿಸಿತು. ಆದರೂ ಇನ್ನೊಂದು ಸಲ ಓದು ಅಂದೆ. ಇಲ್ಲಿ ಎರಡು ಸಲ ಕೇಳಬಹುದಲ್ಲ, ಪರೀಕ್ಷೆ ಮುಗಿಯಿತು. ತಿರುಗದೆ ಕೂತೆ. ಅವಳು ಮತ್ತೆ, ನಿಧಾನವಾಗಿ —